ಉಡದ ಪಟ್ಟು: ಕೋಟೆಯ ಗೋಡೆಯಿಂದ ಸೊಸೈಟಿಯ ಗೋಡೆಯವರೆಗೆ



ಮುಂಬಯಿಗೆ ಮೊದಲ ಮಳೆ ಬಂತೆಂದರೆ ನಮಗೆಲ್ಲ ನೆನಪಾಗುವುದು ತಡವಾಗುವ ಲೋಕಲ್ ಗಾಡಿ, ನೀರು ತುಂಬಿದ ಹಿಂದ್‌ಮಾತಾ, ಒಣಗದ ಬಟ್ಟೆ. ಆದರೆ ಬೋರಿವಲಿ, ಗೋರೆಗಾಂವ್, ಮುಲುಂಡ್, ಠಾಣೆಯ ಕಡೆ ಕಾಡಿನ ಅಂಚಿಗೆ ಮನೆ ಮಾಡಿರುವವರಿಗೆ ಇನ್ನೊಂದು ಅನುಭವವೂ ಇರುತ್ತದೆ. ಬೆಳಿಗ್ಗೆ ಹಾಲು ತರಲು ಕೆಳಗಿಳಿದರೆ ಸೊಸೈಟಿಯ ಕಂಪೌಂಡಿನಲ್ಲಿ ಗದ್ದಲ. ವಾಚ್‌ಮನ್ ಕೈಯಲ್ಲಿ ಕೋಲು. ಮಕ್ಕಳು ಮೆಟ್ಟಿಲ ಮೇಲೆ. ಯಾರೋ "ಮೊಸಳೆ ಮರಿ" ಅನ್ನುತ್ತಾರೆ, ಇನ್ಯಾರೋ "ವಿಷದ ಪ್ರಾಣಿ, ಹತ್ತಿರ ಹೋಗಬೇಡಿ" ಅನ್ನುತ್ತಾರೆ. ಗೋಡೆಯ ಮೂಲೆಯಲ್ಲಿ ಮಣ್ಣುಬಣ್ಣದ, ಮೊಳಕ್ಕೂ ಉದ್ದದ ಒಂದು ಜೀವ ಸೀಳು ನಾಲಿಗೆ ಚಾಚುತ್ತಾ ದಾರಿ ಹುಡುಕುತ್ತಿರುತ್ತದೆ.

ಮರಾಠಿಯಲ್ಲಿ ಅದು ಘೋರ್ಪಡ್. ಕನ್ನಡದಲ್ಲಿ ಉಡ. ನಮ್ಮ ತುಳು ಬಾಂಧವರ ಬಾಯಲ್ಲಿ ಉಡು.

ಊರಿನಲ್ಲಿ ಅಜ್ಜ ಅಜ್ಜಿಯರ ಮಾತು ಕೇಳಿ ಬೆಳೆದವರಿಗೆ "ಉಡದ ಪಟ್ಟು" ಹೊಸ ಮಾತಲ್ಲ. ಹಿಡಿದದ್ದನ್ನು ಬಿಡದ ಹಟಮಾರಿಯನ್ನು ಕಂಡಾಗ ನಾವು ಇವತ್ತಿಗೂ ಈ ಮಾತು ಆಡುತ್ತೇವೆ. ಮಾತು ಉಳಿದಿದೆ. ಮಾತಿನ ಒಡೆಯ ಉಳಿಯುತ್ತಾನೆಯೇ? ಈ ಸಂಚಿಕೆಯಲ್ಲಿ ಇದೇ ಪ್ರಶ್ನೆಯ ಬೆನ್ನುಹತ್ತಿ, ಉಡ ಮತ್ತು ನಮ್ಮ ನಡುವಿನ ಹಳೆಯ ಸಂಬಂಧದ ಕಥೆಯನ್ನು ನೋಡೋಣ. ಆ ಕಥೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಮುಂಬಯಿಯಲ್ಲೇ.

ಹಲ್ಲಿಯ ದೊಡ್ಡಣ್ಣ

ಮೊದಲು ಪರಿಚಯ. ಮನೆಯ ಗೋಡೆಯ ಹಲ್ಲಿ, ಬೇಲಿಯ ಓತಿಕ್ಯಾತ, ಹಿತ್ತಲಿನ ಹಾವುರಾಣಿ ಇವೆಲ್ಲ ಒಂದೇ ದೊಡ್ಡ ಬಳಗ. ಆ ಬಳಗದಲ್ಲಿ ನಮ್ಮ ನೆಲದ ದೊಡ್ಡಣ್ಣಂದಿರ ಸಾಲಿಗೆ ಸೇರುವುದು ಉಡ. ಮೂತಿಯಿಂದ ಬಾಲದ ತುದಿಯವರೆಗೆ ಒಂದೂವರೆ ಮೀಟರ್ ದಾಟಬಲ್ಲದು. ಉದ್ದದಲ್ಲಿ ಅರ್ಧಕ್ಕಿಂತ ಹೆಚ್ಚು ಬಾಲವೇ. ಹಗಲಿನಲ್ಲಿ ಓಡಾಟ, ರಾತ್ರಿ ಬಿಲದಲ್ಲೋ ಮರದ ಪೊಟರೆಯಲ್ಲೋ ನಿದ್ದೆ. ಜೀರುಂಡೆ, ಬಸವನಹುಳು, ಏಡಿ, ಇಲಿ, ಹಕ್ಕಿಯ ಮೊಟ್ಟೆ, ಸತ್ತ ಪ್ರಾಣಿಯ ಮಾಂಸ, ಹೀಗೆ ಸಿಕ್ಕಿದ್ದನ್ನು ತಿಂದು ನೆಲವನ್ನು ಚೊಕ್ಕಟ ಇಡುವ ಜೀವ.

ಪಾಶ್ಚಾತ್ಯ ವಿಜ್ಞಾನದ ಪುಸ್ತಕದಲ್ಲಿ ಇದಕ್ಕೆ ಹೆಸರು ಬಿದ್ದದ್ದು 1802ರಲ್ಲಿ. ದೋದ್ಯಾಂ ಎಂಬ ಫ್ರೆಂಚ್ ಪಂಡಿತ ಬಂಗಾಳದ ಹೆಸರನ್ನು ಇದಕ್ಕೆ ಅಂಟಿಸಿದ. 1820ರಲ್ಲಿ ಜರ್ಮನಿಯ ಮೆರೆಮ್ ಉಡಗಳ ಕುಲಕ್ಕೆ ವರಾನಸ್ ಎಂದು ಹೆಸರಿಟ್ಟ. ಹಾಗಾಗಿ ಗೋರೆಗಾಂವ್‌ನ ಗೋಡೆಯ ಮೇಲಿರುವ ನಮ್ಮ ಉಡವೂ ವಿಜ್ಞಾನಿಗಳ ಲೆಕ್ಕದಲ್ಲಿ 'ವರಾನಸ್ ಬೆಂಗಾಲೆನ್ಸಿಸ್', ಅಂದರೆ ಬಂಗಾಳದ ಉಡ!

ಜಾತಕದ ಬಿಲ, ಗೌರಿಯ ವಾಹನ

ನಮ್ಮವರಿಗೆ ಮಾತ್ರ ಇದು ಎರಡು ಸಾವಿರ ವರ್ಷಕ್ಕೂ ಹಿಂದಿನ ಪರಿಚಯ. ಸಂಸ್ಕೃತದಲ್ಲಿ ಇದು 'ಗೋಧಾ'. ಹಿಂದಿಯ 'ಗೋಹ್' ಅದರಿಂದಲೇ ಬಂದದ್ದು. ಮನುಸ್ಮೃತಿಯು ತಿನ್ನಬಹುದಾದ ಐದುಗುರಿನ ಪ್ರಾಣಿಗಳ ಪಟ್ಟಿಯಲ್ಲಿ ಮುಳ್ಳುಹಂದಿ, ಆಮೆ, ಮೊಲಗಳ ಜೊತೆ ಗೋಧೆಯನ್ನೂ ಸೇರಿಸಿದೆ. ಮಹಾಭಾರತದ ಬಿಲ್ಲುಗಾರರು ಬಿಲ್ಲಿನ ಹೆದೆಯ ಪೆಟ್ಟಿನಿಂದ ಕೈಯನ್ನು ಕಾಯಲು ಕಟ್ಟಿಕೊಳ್ಳುತ್ತಿದ್ದ ಚರ್ಮದ ಪಟ್ಟಿಗೂ ಗೋಧಾ ಎಂದೇ ಹೆಸರು. ಶಿಲ್ಪಶಾಸ್ತ್ರದಲ್ಲಿ ಗೌರಿಯ ಒಂದು ರೂಪಕ್ಕೆ ಉಡವೇ ವಾಹನ. ಅಂದರೆ ಅಡುಗೆಮನೆ, ಯುದ್ಧಭೂಮಿ, ಗರ್ಭಗುಡಿ ಮೂರೂ ಕಡೆ ಉಡ ಇತ್ತು.

ಬೌದ್ಧರ ಜಾತಕ ಕಥೆಗಳಲ್ಲಿ ಉಡದ ಹೆಸರಿನ ಕಥೆ ಒಂದಲ್ಲ, ಹಲವು ಇವೆ. ಒಂದರಲ್ಲಿ ಬೋಧಿಸತ್ವನೇ ಉಡಗಳ ಹಿರಿಯ. ಅವನ ಮಗ ಒಂದು ಊಸರವಳ್ಳಿಯ ಸ್ನೇಹ ಮಾಡುತ್ತಾನೆ. ಬೇಡವೆಂದರೂ ಕೇಳುವುದಿಲ್ಲ. ಈ ಸ್ನೇಹ ಕುಲಕ್ಕೇ ಕೇಡು ತರುತ್ತದೆಂದು ತಿಳಿದ ತಂದೆ, ಬಿಲಕ್ಕೆ ಇನ್ನೊಂದು ಕಡೆಯಿಂದ ತಪ್ಪಿಸಿಕೊಳ್ಳುವ ಕಿಂಡಿ ತೋಡಿಸಿಡುತ್ತಾನೆ. ಅಂದುಕೊಂಡಂತೆಯೇ ಊಸರವಳ್ಳಿ ಬೇಡನಿಗೆ ಬಿಲವನ್ನು ತೋರಿಸಿಕೊಡುತ್ತದೆ. ಬೇಡ ಬಿಲದ ಬಾಯಿಗೆ ಹೊಗೆ ಹಾಕಿ, ಹೊರಬಂದ ಉಡಗಳನ್ನು ಕೊಲ್ಲುತ್ತಾನೆ. ಕಿಂಡಿಯಿಂದ ಹೊರಟ ಹಿರಿಯ ಉಳಿಯುತ್ತಾನೆ.

ನೀತಿಕಥೆ ನಿಜ. ಆದರೆ ಒಮ್ಮೆ ಗಮನಿಸಿ. ಹೊಗೆ ಹಾಕಿ ಉಡ ಹಿಡಿಯುವ ಬೇಡರ ವಿಧಾನವನ್ನು ಬಲ್ಲವರು ಹೇಳಿದ ಕಥೆ ಇದು. ನಮ್ಮ ಬೋರಿವಲಿಯ ಕಾನ್ಹೇರಿ ಗುಹೆಗಳಲ್ಲಿ ಶತಮಾನಗಳ ಕಾಲ ಬೌದ್ಧ ಭಿಕ್ಷುಗಳು ಮಳೆಗಾಲ ಕಳೆದರು. ಆ ಬಂಡೆಗಳ ನಡುವೆ ಇವತ್ತಿಗೂ ಉಡ ಓಡಾಡುತ್ತದೆ. ಕಥೆ ಹೇಳುವವರೂ ಕಥೆಯ ಪಾತ್ರವೂ ಒಂದೇ ಬೆಟ್ಟದಲ್ಲಿ ಬಿಸಿಲು ಕಾಯಿಸಿಕೊಂಡಿರಬೇಕು.

ಉಡದ ಹೆಸರಿನ ಮನೆತನ

ಮಹಾರಾಷ್ಟ್ರದಲ್ಲಿ ಇರುವವರಿಗೆ ತಾನಾಜಿ ಮಾಲುಸರೆಯ ಕಥೆ ಹೇಳಬೇಕಾಗಿಲ್ಲ. 1670ರ ಫೆಬ್ರವರಿ 4ರ ರಾತ್ರಿ ಕೊಂಢಾಣಾ ಕೋಟೆಗೆ ಲಗ್ಗೆ. ಕೋಟೆ ಸಿಕ್ಕಿತು, ಸಿಂಹದಂತಹ ತಾನಾಜಿ ಹೋದ. ಅದೇ ಇವತ್ತಿನ ಸಿಂಹಗಡ. ಪವಾಡ ಹಾಡುವ ಶಾಹೀರರು ಹೇಳುವಂತೆ, ಆ ರಾತ್ರಿ ಯಶವಂತಿ ಎಂಬ ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಕಡಿದಾದ ಬಂಡೆಗೆ ಏರಿಸಿದರು; ಅದು ಪಟ್ಟು ಹಿಡಿದ ಮೇಲೆ ಮಾವಳೆ ವೀರರು ಹಗ್ಗ ಹಿಡಿದು ಮೇಲೇರಿದರು.

ಇದಕ್ಕೂ ಹಳೆಯ ಇನ್ನೊಂದು ಕಥೆ ನಮ್ಮ ಕರ್ನಾಟಕದ ಕಡೆಯದು. ಬಹಮನಿ ಸುಲ್ತಾನರ ಕಾಲದಲ್ಲಿ, 15ನೇ ಶತಮಾನದಲ್ಲಿ, ಭೋಸಲೆ ಕುಲದ ಸರದಾರನೊಬ್ಬ ಉಡದ ನೆರವಿನಿಂದ ಖೇಳಣಾ ಕೋಟೆ, ಅಂದರೆ ಇವತ್ತಿನ ವಿಶಾಲಗಡ, ಹತ್ತಿದನಂತೆ. ಸುಲ್ತಾನ ಮೆಚ್ಚಿ 'ಘೋರ್ಪಡೆ' ಎಂಬ ಬಿರುದು ಕೊಟ್ಟನಂತೆ. ಬಾಗಲಕೋಟೆ ಜಿಲ್ಲೆಯ ಮುಧೋಳದ ಅರಸು ಮನೆತನ ತನ್ನ ಹೆಸರಿನ ಮೂಲವನ್ನು ಹೀಗೆ ಹೇಳಿಕೊಂಡು ಬಂದಿದೆ. ಬಳ್ಳಾರಿ ಸೀಮೆಯ ಸಂಡೂರು, ಗಜೇಂದ್ರಗಡದ ಘೋರ್ಪಡೆಗಳೂ ಇದೇ ಹೆಸರಿನವರು.

ನಿಜಕ್ಕೂ ಉಡ ಮನುಷ್ಯನ ಭಾರ ಹೊರುತ್ತದೆಯೆ? ದೊಡ್ಡ ಉಡವೂ ಏಳು ಕಿಲೋ ಮೀರುವುದು ಅಪರೂಪ. ಅರುವತ್ತು ಕಿಲೋ ತೂಗುವ ಸೈನಿಕ ಹಗ್ಗಕ್ಕೆ ಜೋತುಬಿದ್ದರೆ ಉಡ ತಾಳಲಾರದು. ಆದರೆ ಕಥೆ ಹುಟ್ಟಿದ್ದು ಬರಿಗಾಳಿಯಿಂದಲ್ಲ. ಬೆನ್ನಟ್ಟಿದರೆ ಉಡ ಬಂಡೆಯ ಬಿರುಕಿಗೆ ನುಗ್ಗುತ್ತದೆ. ಉಸಿರು ಎಳೆದುಕೊಂಡು ಮೈಯನ್ನು ಉಬ್ಬಿಸುತ್ತದೆ. ಉಗುರುಗಳನ್ನು ಕಲ್ಲಿಗೆ ಊರುತ್ತದೆ. ಆಮೇಲೆ ಬಾಲ ಹಿಡಿದು ಜಗ್ಗಿದರೂ ಬರುವುದಿಲ್ಲ. ಇದನ್ನು ಕಣ್ಣಾರೆ ಕಂಡವರು ಕಟ್ಟಿದ ಮಾತೇ ಉಡದ ಪಟ್ಟು.

ಇಲ್ಲೊಂದು ಸೊಗಸಾದ ಸಂಗತಿಯಿದೆ. ಉಡದ ಹೆಸರು ಹೊತ್ತ ಸಂಡೂರು ಮನೆತನದಲ್ಲೇ ಎಂ. ವೈ. ಘೋರ್ಪಡೆ (1931–2011) ಹುಟ್ಟಿದರು. ದೇವರಾಜ ಅರಸರ ಸರಕಾರದಲ್ಲಿ ಅರ್ಥಮಂತ್ರಿಯಾಗಿದ್ದವರು. ಕಾಡಿಗೆ ಕೋವಿ ಬಿಟ್ಟು ಕ್ಯಾಮೆರಾ ಹಿಡಿದು ಹೋದವರು. ದೇಶದ ಹೆಸರಾಂತ ವನ್ಯಜೀವಿ ಛಾಯಾಗ್ರಾಹಕರಲ್ಲಿ ಒಬ್ಬರಾದ ಅವರ ಚಿತ್ರಗಳ ಪುಸ್ತಕ 1983ರಲ್ಲಿ ಬಂತು. ಪ್ರಾಣಿಯನ್ನು ಬಳಸಿದ್ದಕ್ಕೆ ಸಿಕ್ಕ ಹೆಸರು, ಪ್ರಾಣಿಯನ್ನು ನೋಡಿದವನ ಕೈಗೆ ಬಂತು. ಈ 'ಬಳಸುವುದು' ಮತ್ತು 'ನೋಡುವುದು' ಎಂಬ ಎರಡು ಮಾತುಗಳನ್ನು ನೆನಪಿಡಿ. ನಮ್ಮ ಕಥೆ ಇರುವುದೇ ಇವೆರಡರ ನಡುವೆ.

ನಾವು ಕೇಳಿದ ನಾದ, ಅದು ಕೊಟ್ಟ ಚರ್ಮ

ನೀವು ಬಾನುಲಿಯ ಕೇಳುಗರು. ಕರ್ನಾಟಕ ಸಂಗೀತ ಕಛೇರಿಯಲ್ಲಿ ತನಿ ಆವರ್ತನ ಬಂದಾಗ ಮೃದಂಗದ ಮಾತಿಗೆ ಮರುಮಾತು ಕೊಡುವ ಪುಟ್ಟ ವಾದ್ಯವನ್ನು ಕೇಳಿಯೇ ಇರುತ್ತೀರಿ. ಅದೇ ಖಂಜಿರ. ಹಲಸಿನ ಮರದ ಬಳೆ, ಅದರಲ್ಲೊಂದು ಜೋಡಿ ಬಿಲ್ಲೆ, ಒಂದು ಬದಿಗೆ ಬಿಗಿದ ತೆಳು ಚರ್ಮ. ಹಿಂಬದಿಯಿಂದ ಒಂದಿಷ್ಟು ನೀರು ಸವರಿದರೆ ಆ ಅಂಗೈಯಗಲದ ವಾದ್ಯದಿಂದ ಗುಂಯ್ ಎನ್ನುವ ಆಳದ ನಾದ ಹೊರಡುತ್ತದೆ. ಭಜನೆಯ ಗುಂಪಿನಲ್ಲಿದ್ದ ಇದನ್ನು ಕಛೇರಿಯ ವೇದಿಕೆಗೆ ತಂದ ಹಿರಿಮೆ ಪುದುಕ್ಕೋಟೆಯ ಮಾನ್‌ಪೂಂಡಿಯ ಪಿಳ್ಳೆಯವರದು. ಆ ನಾದದ ಗುಟ್ಟು ಚರ್ಮದಲ್ಲಿತ್ತು. ಅದು ಉಡದ ಚರ್ಮ.

ಕರಾವಳಿಯ ಕೇಳುಗರಿಗೆ ಗುಮಟೆ ಗೊತ್ತು. ಉಡುಪಿ ಜಿಲ್ಲೆಯ ಕುಡುಬಿಯರ ಹೋಳಿ ಕುಣಿತಕ್ಕೆ, ಉತ್ತರ ಕನ್ನಡದ ಹಾಲಕ್ಕಿಗಳ ಹಾಡಿಗೆ ಗುಮಟೆ ಬೇಕೇ ಬೇಕು. ಮಣ್ಣಿನ ಮಡಕೆ, ಅದರ ದೊಡ್ಡ ಬಾಯಿಗೆ ಬಿಗಿದ ಚರ್ಮ. ಗೋವೆಯಲ್ಲಿ ಇದೇ 'ಘುಮಟ್'. ಮಾಂಡೊ ಹಾಡಿಗೂ, ಗಣೇಶ ಚೌತಿಯ ಆರತಿಗೂ ನುಡಿಯುವ ವಾದ್ಯ. ಇಲ್ಲಿಯೂ ಚರ್ಮ ಉಡದ್ದೇ.

ಹಾಗೆಂದು ಹಳ್ಳಿಯ ವಾದ್ಯದಿಂದ ಉಡ ಅಳಿವಿನ ದಾರಿ ಹಿಡಿಯಿತು ಎನ್ನುವಂತಿಲ್ಲ. ಒಂದು ಗುಮಟೆಗೆ ಕಟ್ಟಿದ ಚರ್ಮ ವರ್ಷಗಟ್ಟಲೆ ಬಾಳಿಕೆ ಬರುತ್ತಿತ್ತು. ನಿಜವಾದ ಪೆಟ್ಟು ಬಿದ್ದದ್ದು ಉಡದ ಚರ್ಮ ಕೈಚೀಲವಾಗಿ, ಬೂಟಾಗಿ, ಕೈಗಡಿಯಾರದ ಪಟ್ಟಿಯಾಗಿ ವಿದೇಶದ ಅಂಗಡಿಗೆ ಹೊರಟಾಗ. 20ನೇ ಶತಮಾನದಲ್ಲಿ ಭಾರತ ಉಪಖಂಡದಿಂದ ಹಾವು, ಉಡಗಳ ಚರ್ಮ ಮೂಟೆ ಮೂಟೆಯಾಗಿ ಹಡಗು ಹತ್ತಿತು. ಚರ್ಮದ ಜೊತೆಗೆ ಸೊಂಟನೋವಿಗೆ ಉಡದ ಕೊಬ್ಬಿನ ಎಣ್ಣೆ, ಬಲಕ್ಕೆ ಉಡದ ಮಾಂಸ ಎಂಬ ನಂಬಿಕೆಗಳೂ ಸೇರಿದವು.

ಕಾನೂನು ಎಚ್ಚೆತ್ತದ್ದು 1970ರ ದಶಕದಲ್ಲಿ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಅಳಿವಿನ ಭಯವಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ 'ಸೈಟಿಸ್' ಒಪ್ಪಂದ 1975ರಲ್ಲಿ ಜಾರಿಗೆ ಬಂದು, 1976ರಲ್ಲಿ ಭಾರತವೂ ಸೇರಿತು. ಅದರ ಅತ್ಯಂತ ಬಿಗಿಯಾದ ಮೊದಲ ಪಟ್ಟಿಯಲ್ಲಿ ನಮ್ಮ ಉಡ ಇದೆ. ನಮ್ಮ ಕಾಯ್ದೆಯಲ್ಲೂ ಉಡಕ್ಕೆ ಹುಲಿ, ಆನೆಗಳ ಜೊತೆಯಲ್ಲೇ ಮೊದಲ ಅನುಸೂಚಿಯ ಸ್ಥಾನ. ಬೇಟೆಯಾಡಿದರೆ ಮೂರರಿಂದ ಏಳು ವರ್ಷ ಜೈಲು.

ವಾದ್ಯದವರು ಏನು ಮಾಡಿದರು? ಮೊದಲಿಗೆ ಗೊಣಗಿದರು, "ಆ ನಾದ ಬರುವುದಿಲ್ಲ" ಎಂದರು. ನಿಧಾನಕ್ಕೆ ಆಡಿನ ಚರ್ಮಕ್ಕೂ, ಕೃತಕ ಹೊದಿಕೆಗೂ ಕೈ ಒಗ್ಗಿಸಿಕೊಂಡರು. ಗೋವೆಯಲ್ಲಿ ಆಡಿನ ಚರ್ಮದ ಘುಮಟ್ ಬಳಕೆಗೆ ಬಂತು. 2019ರಲ್ಲಿ ಗೋವೆ ಸರಕಾರ ಅದನ್ನು ರಾಜ್ಯದ ಪರಂಪರೆಯ ವಾದ್ಯವೆಂದು ಘೋಷಿಸಿತು. ವಾದ್ಯವೂ ಉಳಿಯಿತು, ಪ್ರಾಣಿಗೂ ದಾರಿಯಾಯಿತು. ಮನಸ್ಸು ಮಾಡಿದರೆ ಪರಂಪರೆ ಮತ್ತು ಪ್ರಾಣಿ ಎರಡನ್ನೂ ಉಳಿಸಬಹುದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಮುಂಬಯಿಯ ಎಂಟು ಮಂದಿ

ಇಷ್ಟು ಶತಮಾನ ನಾವು ಉಡವನ್ನು ತಿಂದೆವು, ತೊಟ್ಟೆವು, ಬಾರಿಸಿದೆವು, ಬಿರುದಾಗಿ ಹೊತ್ತೆವು. ಆದರೆ ಅದು ಹೇಗೆ ಬದುಕುತ್ತದೆ, ತನ್ನವರೊಡನೆ ಹೇಗೆ ನಡೆದುಕೊಳ್ಳುತ್ತದೆ ಎಂದು ಕೂತು ನೋಡಿ ಬರೆದಿಟ್ಟವರು ಕಡಿಮೆ. ಆ ಕೆಲಸಕ್ಕೆ ನೆಲೆ ಒದಗಿಸಿದ್ದು ನಮ್ಮ ಶಹರು.

1883ರ ಸೆಪ್ಟೆಂಬರ್ 15ರಂದು ಬೈಕುಳಾದ ವಸ್ತುಸಂಗ್ರಹಾಲಯದಲ್ಲಿ, ಅಂದರೆ ರಾಣಿಬಾಗ್ ಪಕ್ಕದ ಇವತ್ತಿನ ಭಾವು ದಾಜಿ ಲಾಡ್ ಮ್ಯೂಸಿಯಮ್ಮಿನಲ್ಲಿ, ಎಂಟು ಮಂದಿ ಸೇರಿದರು. ಕಂಡ ಪ್ರಾಣಿ ಪಕ್ಷಿಗಳ ವಿಚಾರ ಮಾತಾಡಿಕೊಳ್ಳೋಣ ಎಂಬುದಷ್ಟೇ ಉದ್ದೇಶ. ಅವರಲ್ಲಿ ಇಬ್ಬರು ಭಾರತೀಯ ವೈದ್ಯರು: ಪ್ರಾರ್ಥನಾ ಸಮಾಜದ ಆತ್ಮಾರಾಮ ಪಾಂಡುರಂಗ ಮತ್ತು ಮುಂದೆ ಹೆಸರಾಂತ ವೈದ್ಯೆಯಾದ ರುಖ್ಮಾಬಾಯಿಯ ಮಲತಂದೆ ಸಖಾರಾಮ ಅರ್ಜುನ. ಹೀಗೆ ಹುಟ್ಟಿದ್ದೇ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ. 1886ರಿಂದ ಅದು ತನ್ನದೇ ಪತ್ರಿಕೆಯನ್ನೂ ಹೊರಡಿಸುತ್ತಾ ಬಂದಿದೆ.

ಈ ಸಂಸ್ಥೆಗೆ ಕನ್ನಡ ನೆಲದ ನಂಟೂ ಇದೆ. ಎಂಟು ಮಂದಿಯಲ್ಲಿ ಒಬ್ಬ ಇ. ಎಚ್. ಏಟ್ಕನ್, ಸಾತಾರದಲ್ಲಿ ಹುಟ್ಟಿದ ಸ್ಕಾಟಿಷ್ ಪಾದ್ರಿಯ ಮಗ, ಉಪ್ಪು ಮತ್ತು ಸುಂಕದ ಇಲಾಖೆಯ ಅಧಿಕಾರಿ. ಕಾರವಾರ ಸೀಮೆಯ ಕಾಡಿನಲ್ಲಿ ಅಲೆದು ಕಂಡದ್ದನ್ನು ನಗೆಚಾಟಿಕೆಯ ಶೈಲಿಯಲ್ಲಿ ಬರೆದವನು. ಇನ್ನು ಸಂಸ್ಥೆಯ ಕಚೇರಿಯಲ್ಲಿ ಗೌರವ ಕಾರ್ಯದರ್ಶಿಯ ಕುರ್ಚಿಯ ಹಿಂದೆ 1894ರಿಂದ 1920ರವರೆಗೆ ಬಾಳಿದ 'ವಿಲಿಯಂ' ಎಂಬ ದೊಡ್ಡ ಮಂಗಟ್ಟೆ ಹಕ್ಕಿ ಬಂದದ್ದೂ ಕಾರವಾರದಿಂದ. ಸಂಸ್ಥೆಯ ಇಂದಿನ ಕಟ್ಟಡ ಹಾರ್ನ್‌ಬಿಲ್ ಹೌಸ್ ಆ ಹಕ್ಕಿಯ ಹೆಸರನ್ನೇ ಹೊತ್ತಿದೆ. ಕೋಟೆ ಪ್ರದೇಶದಲ್ಲಿ ಲಯನ್ ಗೇಟ್ ಎದುರು ಹಾದುಹೋಗುವಾಗ ಒಮ್ಮೆ ತಲೆ ಎತ್ತಿ ನೋಡಿ.

ಹಾವು, ಹಲ್ಲಿ, ಉಡಗಳ ವಿಚಾರದಲ್ಲಿ ಈ ಸಂಸ್ಥೆಯ ಹಿರಿಯರಾಗಿದ್ದ ಜೆ. ಸಿ. ಡೇನಿಯಲ್ ಭಾರತದ ಸರೀಸೃಪಗಳ ಬಗ್ಗೆ ಜನಸಾಮಾನ್ಯರಿಗೂ ಅರ್ಥವಾಗುವ ಪುಸ್ತಕವನ್ನು 1983ರಲ್ಲಿ, ಸಂಸ್ಥೆಯ ನೂರನೇ ವರ್ಷದಲ್ಲಿ ಹೊರತಂದರು. ಅದಕ್ಕೂ ಎರಡು ವರ್ಷ ಹಿಂದೆ, 1981ರಲ್ಲಿ, ಸಂಸ್ಥೆಯ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಬರೆದವರು ಅಮೆರಿಕದ ಫ್ಲೋರಿಡಾದ ವಾಲ್ಟರ್ ಆಫೆನ್‌ಬರ್ಗ್. ವಿಷಯ: ಉಡಗಳ ಕುಸ್ತಿ!

ಕುಸ್ತಿಯೋ, ಕುಣಿತವೋ?

ಆಫೆನ್‌ಬರ್ಗ್ ಸಾಮಾನ್ಯರಲ್ಲ. 1969–70ರಲ್ಲಿ ಇಂಡೊನೇಷ್ಯದ ಕೊಮೊಡೊ ದ್ವೀಪದಲ್ಲಿ ಬೀಡುಬಿಟ್ಟು, ಉಡಗಳಲ್ಲೇ ಅತಿ ದೊಡ್ಡದಾದ ಕೊಮೊಡೊ ಉಡದ ದಿನಚರಿಯನ್ನು ಬರೆದವರು. ಆಮೇಲೆ ನಮ್ಮ ಉಡದ ಬೆನ್ನುಹತ್ತಿದರು. ಆ ಅಧ್ಯಯನದ ಫಲವೆಲ್ಲ 1994ರಲ್ಲಿ ದೊಡ್ಡ ಪುಸ್ತಕವಾಗಿ ಬಂತು.

ಹಳ್ಳಿಗರು ಹಿಂದಿನಿಂದ ಕಂಡಿದ್ದ ಒಂದು ದೃಶ್ಯವಿತ್ತು. ಬೇಸಿಗೆಯ ಕೊನೆಯಲ್ಲಿ ಎರಡು ಉಡಗಳು ಹಿಂಗಾಲ ಮೇಲೆ ಎದ್ದು ನಿಂತು, ಮುಂಗಾಲಿನಿಂದ ಒಂದನ್ನೊಂದು ತಬ್ಬಿಕೊಂಡು ಓಲಾಡುವ ದೃಶ್ಯ. ಗಂಡು ಹೆಣ್ಣಿನ ಸರಸ ಎಂದುಕೊಂಡವರೇ ಹೆಚ್ಚು. ಸಿಂಹಳದ ವಸ್ತುಸಂಗ್ರಹಾಲಯದ ದೆರಣಿಯಗಲ ಅವರು 1958ರಲ್ಲೇ ಇದನ್ನು ಕಾದಾಟದಂತಹ ಆಟವೆಂದು ಕರೆದು ಬರೆದಿದ್ದರು. ಆಫೆನ್‌ಬರ್ಗ್ ಹಂತ ಹಂತವಾಗಿ ಬಿಡಿಸಿಟ್ಟರು. ತಬ್ಬಿಕೊಂಡವು ಎರಡೂ ಗಂಡು. ಮೊದಲು ನಾಲಿಗೆ ಚಾಚಿ ಒಂದರ ವಾಸನೆ ಇನ್ನೊಂದು ಹಿಡಿಯುತ್ತದೆ. ಗಂಟಲು ಉಬ್ಬಿಸಿ ಬುಸುಗುಡುತ್ತದೆ. ಆಮೇಲೆ ಎರಡೂ ಎದ್ದು ನಿಂತು, ನಮ್ಮ ಅಖಾಡದ ಪೈಲ್ವಾನರಂತೆ ತೋಳು ಹಾಕಿ ತಳ್ಳಾಡುತ್ತವೆ. ಒಂದು ಉರುಳಿ ಬೀಳುತ್ತದೆ. ಗೆದ್ದದ್ದು ಅದರ ಬೆನ್ನಮೇಲೇರುತ್ತದೆ. ಸೋತದ್ದು ಜಾಗ ಬಿಟ್ಟು ಹೊರಡುತ್ತದೆ. ಹೆಚ್ಚಾಗಿ ಅಷ್ಟಕ್ಕೇ ಮುಗಿಯುತ್ತದೆ.

ಯೋಚಿಸಿ ನೋಡಿ. ಉಡಕ್ಕೆ ಹರಿತ ಹಲ್ಲಿದೆ, ಬಂಡೆ ಹಿಡಿಯುವ ಉಗುರಿದೆ, ಚಾಟಿಯಂತಹ ಬಾಲವಿದೆ. ಮನಸ್ಸು ಮಾಡಿದರೆ ಎದುರಾಳಿಯನ್ನು ಸೀಳಿಹಾಕಬಹುದು. ಆದರೂ ಬಲವನ್ನು ಅಳೆದು ನೋಡಿ ಬಿಟ್ಟುಬಿಡುತ್ತದೆ. ಹಿಡಿದದ್ದನ್ನು ಬಿಡದ ಪ್ರಾಣಿ ಎಂದು ನಾವು ಗಾದೆ ಕಟ್ಟಿದ ಜೀವಕ್ಕೆ ಬಿಡುವುದೂ ಗೊತ್ತು! ಬಿಡುವ ಕಾಲ ಯಾವುದು ಎಂಬುದೂ ಗೊತ್ತು.

ಉಡ ಒಂಟಿ ಜೀವಿ ಎಂಬುದು ನಿಜ. ಹಿಂಡು ಕಟ್ಟುವುದಿಲ್ಲ. ಹಾಗೆಂದು ಅದಕ್ಕೆ ಸಮಾಜವೇ ಇಲ್ಲವೆಂದಲ್ಲ. ಒಂದರ ಓಡಾಟದ ಹದ್ದಿನೊಳಗೆ ಇನ್ನೊಂದರ ಹದ್ದೂ ಸೇರಿಕೊಳ್ಳುತ್ತದೆ. ಯಾರು ಬಂದು ಹೋದರು ಎಂಬುದನ್ನು ನಾಲಿಗೆಯಿಂದಲೇ ತಿಳಿಯುತ್ತದೆ. ಏಪ್ರಿಲ್‌ನಲ್ಲಿ ಗಂಡುಗಳ ಕುಸ್ತಿ ಶುರುವಾದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಸರಿಸುಮಾರು ನಮ್ಮ ಮಳೆಗಾಲವಿಡೀ, ಸಂತಾನದ ಕಾಲ. ಹೆಣ್ಣು ನೆಲದಲ್ಲಿ, ದಿಬ್ಬದ ಬದಿಯಲ್ಲಿ, ಕೆಲವೊಮ್ಮೆ ಹುತ್ತದಲ್ಲಿ ಗುಂಡಿ ತೋಡಿ ಸುಮಾರು ಇಪ್ಪತ್ತು ಮೊಟ್ಟೆ ಇಟ್ಟು, ಮಣ್ಣು ಮುಚ್ಚಿ, ಮೂತಿಯಿಂದ ಒತ್ತಿ ಗಟ್ಟಿಮಾಡುತ್ತದೆ. ಕಳ್ಳರ ಕಣ್ಣು ತಪ್ಪಿಸಲು ಪಕ್ಕದಲ್ಲೇ ಒಂದೆರಡು ಸುಳ್ಳು ಗುಂಡಿಗಳನ್ನೂ ತೋಡುತ್ತದೆ. ಮರಿ ಹೊರಬರಲು 168ರಿಂದ 254 ದಿನ ಬೇಕು. ಅಂದರೆ ಈ ಮಳೆಗಾಲದ ಮೊಟ್ಟೆ ಚಳಿಗಾಲ ದಾಟಿ ಮುಂದಿನ ಬೇಸಿಗೆಯ ಹೊತ್ತಿಗೆ ಒಡೆಯುತ್ತದೆ.

ಇದು ಬರೀ ಪುಸ್ತಕದ ವಿಚಾರವಲ್ಲ. ಮುಂಬಯಿಯಲ್ಲಿ ಉಡಗಳು ಕಣ್ಣಿಗೆ ಬೀಳುವುದು ಬೇಸಿಗೆಯ ಕೊನೆಗೆ ಮತ್ತು ಮಳೆಯಲ್ಲೇ ಏಕೆ ಎಂಬುದಕ್ಕೆ ಉತ್ತರ ಇಲ್ಲಿದೆ. ಗಂಡು ಸಂಗಾತಿಯನ್ನು ಹುಡುಕಿ ಹೊರಟಿರುತ್ತದೆ. ಹೆಣ್ಣು ಮೊಟ್ಟೆಗೆ ಮೆತ್ತನೆಯ ಮಣ್ಣು ಹುಡುಕುತ್ತಿರುತ್ತದೆ. ಬಿಲಕ್ಕೆ ನೀರು ನುಗ್ಗಿರುತ್ತದೆ. ಅದು ನಿಮ್ಮ ಮನೆಗೆ ನುಗ್ಗಲು ಬಂದದ್ದಲ್ಲ. ತನ್ನ ಕೆಲಸಕ್ಕೆ ಹೊರಟದ್ದು, ನಡುವೆ ಗೋಡೆ ಅಡ್ಡ ಬಂತು. ಇನ್ನೊಂದು ಮಾತು: ಎಂಟು ತಿಂಗಳು ಮಣ್ಣಿನಲ್ಲಿ ಮೊಟ್ಟೆ ಇರುವ ಪ್ರಾಣಿಗೆ ಎಂಟು ತಿಂಗಳು ಯಾರೂ ಅಗೆಯದ ಮಣ್ಣು ಬೇಕು. ನಮ್ಮ ಶಹರಿನಲ್ಲಿ ಅಂತಹ ಮಣ್ಣು ಎಲ್ಲಿದೆ, ಹೇಳಿ?

ಕೆಂಪು ಪಟ್ಟಿಯ ಮೆಟ್ಟಿಲು

ಇರುವುದು ಎರಡು ಕಡೆ. ಒಂದು, ಸುಮಾರು 104 ಚದರ ಕಿಲೋಮೀಟರಿನ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ. ಎರಡು, ಅದಕ್ಕೆ ಅಂಟಿಕೊಂಡ ಆರೆ. 1949ರಲ್ಲಿ ಹಾಲಿನ ಕಾಲನಿಯಾಗಿ ಶುರುವಾದ ಆರೆಯಲ್ಲಿ ಎಮ್ಮೆಯ ತಬೇಲಾಗಳ ಸುತ್ತ ಹುಲ್ಲುಗಾವಲು, ಮರ, ಹುತ್ತ ಉಳಿದುಕೊಂಡವು. 2019ರ ಅಕ್ಟೋಬರಿನಲ್ಲಿ ಮೆಟ್ರೋ ಕಾರ್ ಶೆಡ್ಡಿಗಾಗಿ ಅಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರ ಉರುಳಿದ್ದು, ಜನ ಬೀದಿಗಿಳಿದದ್ದು ನಿಮಗೆ ನೆನಪಿದೆ. 2020ರಲ್ಲಿ ರಾಜ್ಯ ಸರಕಾರ ಆರೆಯ 800ಕ್ಕೂ ಹೆಚ್ಚು ಎಕರೆಯನ್ನು ಮೀಸಲು ಅರಣ್ಯವಾಗಿಸುವುದಾಗಿ ಪ್ರಕಟಿಸಿತು. 2024ರ ಅಕ್ಟೋಬರಿನಿಂದ ಆರೆಯಿಂದ ಮೆಟ್ರೋ ಕೂಡ ಓಡುತ್ತಿದೆ. ನಮಗೆ ಗಾಡಿ ಬೇಕು, ಅದು ಸುಳ್ಳಲ್ಲ. ಉಡಕ್ಕೆ ಮಣ್ಣು ಬೇಕು, ಅದೂ ಸುಳ್ಳಲ್ಲ.

ಜಾಗತಿಕ ಸಂಸ್ಥೆ ಐಯುಸಿಎನ್ ಪ್ರಕಟಿಸುವ ಕೆಂಪು ಪಟ್ಟಿ ಪ್ರಾಣಿಗಳಿಗೆ ವೈದ್ಯರ ಚೀಟಿ ಇದ್ದಂತೆ. ಅದರಲ್ಲಿ ಮೊದಲು ನಮ್ಮ ಉಡ 'ಚಿಂತೆಯಿಲ್ಲ' ಎಂಬ ಗುಂಪಿನಲ್ಲಿತ್ತು. 2021ರ ಹೊತ್ತಿಗೆ ಒಂದು ಮೆಟ್ಟಿಲು ಇಳಿದು 'ಅಪಾಯಕ್ಕೆ ಹತ್ತಿರ' ಎಂಬಲ್ಲಿಗೆ ಬಂತು. ಅದರ ತಮ್ಮ, ಗಂಗಾ ಬಯಲಿನ ಜೌಗಿನಲ್ಲಿ ಬದುಕುವ ಹಳದಿ ಉಡ, ನೇರವಾಗಿ 'ಅಳಿವಿನಂಚಿನಲ್ಲಿ' ಎಂಬ ಗುಂಪಿಗೆ ಜಾರಿತು. ಆ ಹಳದಿ ಉಡದ ಬಗ್ಗೆಯೂ ಆಫೆನ್‌ಬರ್ಗ್ ಮತ್ತು ಸಂಗಡಿಗರು 1989ರಲ್ಲಿ ಮುಂಬಯಿಯ ಇದೇ ಪತ್ರಿಕೆಯಲ್ಲಿ ಬರೆದಿದ್ದರು. ಕೊಮೊಡೊ ಉಡವೂ 2021ರಲ್ಲಿ ಅಳಿವಿನಂಚಿನ ಪಟ್ಟಿ ಸೇರಿತು. ಅಣ್ಣತಮ್ಮಂದಿರು ಒಬ್ಬೊಬ್ಬರಾಗಿ ಮೆಟ್ಟಿಲಿಳಿಯುತ್ತಿದ್ದಾರೆ.

ಇದರ ನಡುವೆ ಹೊಸದೊಂದು ಕೇಡು. 'ಹಾತಾ ಜೋಡಿ' ಎಂಬ ಹೆಸರು ಕೇಳಿದ್ದೀರಾ? ಮುಗಿದ ಎರಡು ಕೈಗಳಂತೆ ಕಾಣುವ, ಸಿಂದೂರದಲ್ಲಿ ಅದ್ದಿ ಡಬ್ಬಿಯಲ್ಲಿಟ್ಟ ವಸ್ತು. ಅಪರೂಪದ ಗಿಡದ ಬೇರು, ತಿಜೋರಿಯಲ್ಲಿಟ್ಟರೆ ಲಕ್ಷ್ಮಿ ಒಲಿಯುತ್ತಾಳೆ, ಕೋರ್ಟಿನಲ್ಲಿ ಗೆಲುವಾಗುತ್ತದೆ ಎಂದು ಹೇಳಿ ಮಾರುತ್ತಾರೆ. ವನ್ಯಜೀವಿ ಸಂಸ್ಥೆಗಳು ಇದರ ಜಾಡು ಹಿಡಿದು 2017ರಲ್ಲಿ ಸತ್ಯ ಹೊರಗಿಟ್ಟವು. ಅದು ಬೇರಲ್ಲ, ಗಂಡು ಉಡವನ್ನು ಕೊಂದು ಕತ್ತರಿಸಿ ಒಣಗಿಸಿದ ಜನನಾಂಗ! ಕೆಲವು ಪ್ಲಾಸ್ಟಿಕ್ಕಿನ ನಕಲಿಯೂ ಇದ್ದವು. ಭಕ್ತಿಯಿಂದ ಕೊಂಡವರಿಗೆ ತಾವು ದೇವರ ಗೂಡಿನಲ್ಲಿ ಏನನ್ನಿಟ್ಟು ಪೂಜಿಸುತ್ತಿದ್ದೇವೆ ಎಂಬುದೇ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂಬುದು ಕಾನೂನಿನ ಮುಂದೆ ನಡೆಯುವುದೂ ಇಲ್ಲ.

ಕೋಲು ಕೆಳಗಿಡಿ

ಈಗ ಮತ್ತೆ ನಿಮ್ಮ ಸೊಸೈಟಿಯ ಕಂಪೌಂಡಿಗೆ ಬರೋಣ. ವಾಚ್‌ಮನ್ ಕೈಯಲ್ಲಿ ಕೋಲು ಇನ್ನೂ ಇದೆ. ಗೋಡೆಯ ಮೂಲೆಯಲ್ಲಿ ಉಡ ಇನ್ನೂ ಇದೆ. ನೀವು ಏನು ಮಾಡುತ್ತೀರಿ?

ಮೊದಲು ಹೇಳಬೇಕಾದ್ದು, ಅದು ಮೊಸಳೆಯಲ್ಲ. ಮನುಷ್ಯನನ್ನು ಕೊಲ್ಲುವ ವಿಷದ ಪ್ರಾಣಿಯೂ ಅಲ್ಲ. ಉತ್ತರದ ಕಡೆ ಚುಕ್ಕೆಯ ಮರಿ ಉಡವನ್ನು 'ಬಿಸ್‌ಖೋಪ್ರಾ' ಎಂದು ಕರೆದು ಘೋರ ವಿಷದ್ದೆಂದು ಹೆದರುತ್ತಾರೆ. ಆ ಹೆದರಿಕೆಗೆ ಬಲಿಯಾದ ಮರಿಗಳಿಗೆ ಲೆಕ್ಕವಿಲ್ಲ. ಹಿಡಿಯಲು ಹೋದರೆ, ಮೂಲೆಗೆ ಒತ್ತಿದರೆ ಉಡ ಖಂಡಿತ ಕಚ್ಚುತ್ತದೆ, ಬಾಲ ಬೀಸುತ್ತದೆ. ಗಾಯವಾದರೆ ವೈದ್ಯರ ಹತ್ತಿರ ಹೋಗಲೇಬೇಕು. ಬಿಟ್ಟರೆ ತಾನೇ ದೂರ ಹೋಗುತ್ತದೆ.

ಆದ್ದರಿಂದ ಜನರನ್ನು ಹಿಂದೆ ಸರಿಸಿ. ನಾಯಿಯನ್ನು ಕಟ್ಟಿಹಾಕಿ. ಮಕ್ಕಳಿಗೆ ದೂರದಿಂದ ತೋರಿಸಿ. ಅವರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಸಿಗದು. ಹೊರಗೆ ಹೋಗಲು ದಾರಿ ಇದ್ದರೆ ಗೇಟು ತೆರೆದಿಡಿ. ದಾರಿ ಇಲ್ಲದೆ ಸಿಕ್ಕಿಹಾಕಿಕೊಂಡಿದ್ದರೆ ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಇಲ್ಲವೇ ಅರಣ್ಯ ಇಲಾಖೆಯ ಒಪ್ಪಿಗೆ ಪಡೆದ ಸರ್ಪಮಿತ್ರರನ್ನು ಕರೆಯಿರಿ. ಸೊಸೈಟಿಯ ಮೀಟಿಂಗಿನಲ್ಲಿ ನೆಲವನ್ನೆಲ್ಲ ಸಿಮೆಂಟು ಮಾಡುವ ಮಾತು ಬಂದಾಗ, ಒಂದು ಮೂಲೆಯ ಮಣ್ಣನ್ನು ಮಣ್ಣಾಗಿಯೇ ಬಿಡೋಣ ಎಂದು ಹೇಳಿ. ಹಾತಾ ಜೋಡಿ ಕೊಳ್ಳಬೇಡಿ, ಕೊಳ್ಳುವವರಿಗೆ ತಿಳಿಹೇಳಿ. ಊರಿಗೆ ಹೋದಾಗ ಸೊಂಟನೋವಿಗೆ ಉಡದೆಣ್ಣೆ ಎಂದು ಯಾರಾದರೂ ಹೇಳಿದರೆ ನಕ್ಕು, ವೈದ್ಯರ ದಾರಿ ತೋರಿಸಿ.

ಮುಂದಿನ ಬಾರಿ ಬಾನುಲಿಯಲ್ಲಿ ಖಂಜಿರದ ನಾದ ಕೇಳಿದಾಗ, ಹೋಳಿಯಲ್ಲಿ ಗುಮಟೆಯ ಸದ್ದು ಕೇಳಿದಾಗ, ಸಿಂಹಗಡದ ಕಥೆ ಮಕ್ಕಳಿಗೆ ಹೇಳುವಾಗ ಈ ಪ್ರಾಣಿಯನ್ನು ನೆನೆಯಿರಿ. ಅದು ನಮಗೆ ಗಾದೆ ಕೊಟ್ಟಿದೆ, ಬಿರುದು ಕೊಟ್ಟಿದೆ, ನಾದ ಕೊಟ್ಟಿದೆ. ನಾವು ಕೊಡಬೇಕಾದ್ದು ದೊಡ್ಡದೇನಲ್ಲ. ಗಂಡು ಉಡಗಳು ಕುಸ್ತಿ ಮುಗಿದ ಮೇಲೆ ಮಾಡುವಂತೆ, ಹಿಡಿದದ್ದನ್ನು ಸಕಾಲಕ್ಕೆ ಬಿಟ್ಟರೆ ಸಾಕು. ಕೈಯಲ್ಲಿರುವ ಕೋಲನ್ನೇ ಮೊದಲು ಬಿಡೋಣ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ. ನಿಮ್ಮ ಊರಿನ ಕಡೆ ಉಡದ ಬಗ್ಗೆ ಕೇಳಿದ ಗಾದೆ, ಹಾಡು, ಕಥೆಗಳಿದ್ದರೆ ಬರೆದು ತಿಳಿಸಿ. ಕೇಳುತ್ತಾ ಇರಿ.